ಅವಳ ಎರಡು ಆಲ್ಬಮ್, ನಮ್ಮ ನಾಲ್ಕು ಮನೆ

ಆ ಅಮೆರಿಕದ ಹುಡುಗಿ ಹಾಡುಗಾರ್ತಿ ಅಂತ ಇದ್ದದ್ದು ಹೆಚ್ಚೆಂದರೆ ಮೂರು ವರ್ಷ. ಅಷ್ಟರಲ್ಲಿ ಅವಳು ಎರಡು ಆಲ್ಬಮ್ ತಂದಳು, ನಾವು ನಾಲ್ಕು ಮನೆ ಕಂಡೆವು. ಅವಳ ಹಾಡು ನನ್ನ ಕಿವಿಗೆ ಮೊದಲು ಬಿದ್ದಾಗ ನಾವು ಸಿಡ್ನಿಯ ಗಿರಾವೀನ್‌ನಲ್ಲಿದ್ದೆವು. ಅವಳನ್ನು ಕಣ್ಣಾರೆ ನೋಡುವ ಹೊತ್ತಿಗೆ ಮೆಲ್ಬರ್ನಿನ ಡ್ಯಾಂಡಿನಾಂಗ್‌ಗೆ ಬಂದಾಗಿತ್ತು, ಅವಳೂ ಗಂಟುಮೂಟೆ ಕಟ್ಟುತ್ತಿದ್ದಳು. ಎರಡು ಸಾವಿರದ ದಶಕದ ಆ ವರ್ಷಗಳ ಮಾತು ಬಂದರೆ ನನಗೆ ಈಗಲೂ ಕೇಳಿಸುವುದು ರಟ್ಟಿನ ಪೆಟ್ಟಿಗೆಯ ಮೇಲೆ ಟೇಪು ಎಳೆಯುವ ಸದ್ದು ಮತ್ತು ಅವಳ ಪಿಯಾನೊ.

ನಾನು ಹುಬ್ಬಳ್ಳಿಯವಳು, ನನ್ನ ಗಂಡ ಉಡುಪಿಯವರು. ಅವರು ಇಂಜಿನಿಯರಿಂಗ್ ಓದಲು ನಮ್ಮೂರಿಗೆ ಬಂದಿದ್ದಾಗ ಪರಿಚಯವಾಗಿ, ಎರಡೂ ಮನೆಯವರ ಮುಖ ಊದಿಸಿ ಮದುವೆಯಾದವರು ನಾವು. ನಮ್ಮ ಮನೆಯಲ್ಲಿ ಗೊಣಗದೆ ಯಾರೂ ಒಂದು ತುತ್ತು ಉಂಡವರಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುವ ಜನ. ಅಪ್ಪ ಪ್ರತಿದಿನ ಬೆಳಿಗ್ಗೆ ನಮ್ಮ ಓಣಿಗೆ ಬೈದೇ ಆಫೀಸಿಗೆ ಹೋಗುತ್ತಿದ್ದರು. ಆದರೆ ಆ ಓಣಿ ಬಿಟ್ಟು ಬೇರೆ ಕಡೆ ಮನೆ ಮಾಡೋಣ ಎಂದು ಯಾರಾದರೂ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದರು. ನಾನೂ ಅದೇ ಬಾಯಿ ತೆಗೆದುಕೊಂಡು ಸಿಡ್ನಿಗೆ ಇಳಿದೆ.

ಇವರು ಕಾಂಟ್ರ್ಯಾಕ್ಟ್ ಕೆಲಸದವರು. ನಾನು ಕೆಮಿಸ್ಟ್ರಿ ಓದಿದವಳಾದರೂ ಆರಂಭದಲ್ಲಿ ಸಿಕ್ಕಿದ್ದು ಔಷಧಿ ಗೋದಾಮಿನಲ್ಲಿ ಡಬ್ಬಿ ತುಂಬುವ ಕೆಲಸ. ಅಲ್ಲಿ ಇಡೀ ದಿನ ರೇಡಿಯೊ ಒದರುತ್ತಿತ್ತು. ಒಂದು ದಿನ ಕೆಮ್ಮಿನ ಔಷಧಿಯ ಬಾಟಲಿಗಳನ್ನು ಜೋಡಿಸುತ್ತಿದ್ದಾಗ ಅವಳ ಹಾಡು ಬಂತು. ಒಬ್ಬ ಹುಡುಗಿ ತವರಿನ ಮುಂದೆ ಕಾರು ನಿಲ್ಲಿಸಿದ್ದಾಳೆ. ಇಂಜಿನ್ ಆಫ್ ಮಾಡುತ್ತಿಲ್ಲ, ಒಳಗೆ ಹೋಗುತ್ತಿಲ್ಲ, ಹೊರಟೂ ಹೋಗುತ್ತಿಲ್ಲ. ಇಷ್ಟೇ ಹಾಡು. ಅಮೆರಿಕದವರ ಉಚ್ಚಾರ ಆಗ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆದರೂ ಆ ದನಿಯಲ್ಲಿ ತನ್ನ ಜತೆ ತಾನೇ ಜಗಳ ಆಡುವ ಧಾಟಿ ಇತ್ತಲ್ಲ, ಅದು ನನಗೆ ಸೀದಾ ತಟ್ಟಿತು. ತಾನೇ ಬರೆದು, ತಾನೇ ಪಿಯಾನೊ ನುಡಿಸಿ ಹಾಡುತ್ತಾಳೆ, ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ ಎಂದು ಪಕ್ಕದಲ್ಲಿ ನಿಂತಿದ್ದ ಫಿಲಿಪೀನ್ಸಿನ ಹೆಂಗಸು ಹೇಳಿದಳು. ನನಗಿಂತ ಚಿಕ್ಕವಳು. ಯಾಕೋ ಅದರಿಂದ ಹೊಟ್ಟೆಯೂ ಉರಿಯಿತು, ಹೆಮ್ಮೆಯೂ ಆಯಿತು.

ಸಿಡಿ ತಂದೆ. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ ಅದೇ. ಇವರು ಒಂದು ವಾರ ಸಹಿಸಿದರು.

"ಇವಳು ಹಾಡುದಾ, ಅಲ್ಲ ಯಾರಿಗಾದ್ರೂ ಬೈಯುದಾ?"

"ಎರಡೂ ಒಂದೇರಿ. ನಿಮಗ ತಿಳಿಯಂಗಿಲ್ಲ" ಎಂದೆ.

ಆ ಗಿರಾವೀನ್ ಮನೆಯ ಅಡುಗೆಕೋಣೆ ಕತ್ತಲೆ. ಬೆಳಿಗ್ಗೆ ಹತ್ತಕ್ಕೂ ದೀಪ ಹಾಕಿ ಒಗ್ಗರಣೆ ಕೊಡಬೇಕು. ನಾನು ಸಾಸಿವೆ ಸಿಡಿಯುವ ಸದ್ದಿನ ಜತೆ ಅದಕ್ಕೂ ಬೈಯುತ್ತಿದ್ದೆ. ಲೀಸ್ ಮುಗಿಯುವ ಮೊದಲೇ ಇವರು ಎರಡು ರಸ್ತೆ ಆಚೆ ಬಿಸಿಲು ಬೀಳುವ ಇನ್ನೊಂದು ಮನೆ ಹುಡುಕಿದರು. ಹೋದೆವು, ಹಾಲು ಉಕ್ಕಿಸಿದೆವು. ಅಲ್ಲಿ ಲಾರಿಗಳ ಸದ್ದು. ಅದಕ್ಕೂ ನನ್ನ ಬಾಯಿ ಸುಮ್ಮನಿರಲಿಲ್ಲ.

ಅಷ್ಟರಲ್ಲಿ ಅವಳು ಸಿಡ್ನಿಗೆ ಬರುತ್ತಾಳೆ ಎಂದು ರೇಡಿಯೊದಲ್ಲಿ ಬಂತು. ದೊಡ್ಡ ಸಂಗೀತ ಕಚೇರಿಯಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ಯಾರಮ್ಯಾಟಾದ ಶಾಪಿಂಗ್ ಸೆಂಟರಿನಲ್ಲಿ ನಿಂತು ಹಾಡುತ್ತಾಳಂತೆ, ಯಾರು ಬೇಕಾದರೂ ಬರಬಹುದು. ನಾನು ಹನ್ನೊಂದಕ್ಕೇ ಸೀರೆ ಬೇಡ, ಜೀನ್ಸ್ ಬೇಡ ಎನ್ನುತ್ತಾ ಕೊನೆಗೆ ಚೂಡಿದಾರ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಇವರು ಟವೆಲ್ ಸುತ್ತಿಕೊಂಡು ಪೇಪರ್ ಓದುತ್ತಿದ್ದರು.

"ಎಂಥ ಅವಸರ ಮಾರಾಯ್ತಿ? ಹನ್ನೆರಡು ಅಂದ್ರೆ ಒಂದೂವರೆ. ನಮ್ಮ ಸಂಘದ ಪ್ರೋಗ್ರಾಮ್ ಯಾವತ್ತಾದ್ರೂ ಹೇಳಿದ ಟೈಮಿಗೆ ಶುರು ಆದದ್ದುಂಟಾ? ಊಟ ಮಾಡಿಯೇ ಹೋಗುವ."

ನನಗೂ ಅದು ಸರಿ ಅನ್ನಿಸಿಬಿಟ್ಟಿತು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೇಳಿದ ಹೊತ್ತಿಗೆ ಹೋದರೆ ಕುರ್ಚಿ ಹಾಕುವ ಕೆಲಸ ನಮ್ಮ ತಲೆಗೇ ಬರುತ್ತಿತ್ತು. ಮೈಕು ಪರೀಕ್ಷೆ, ದೀಪಕ್ಕೆ ಬೆಂಕಿಪೊಟ್ಟಣ ಹುಡುಕಾಟ, ಅಧ್ಯಕ್ಷರ ಮಾತು, ಆಮೇಲೆ ತಾನೇ ಹಾಡು? ಅಮೆರಿಕದವಳಿಗೂ ಸ್ವಾಗತ ಭಾಷಣ ಇದ್ದೇ ಇರುತ್ತದೆ ಎಂದುಕೊಂಡು ಅನ್ನ ಸಾರು ಉಂಡು ಹೊರಟೆವು.

ನಾವು ಮುಟ್ಟಿದಾಗ ಒಂದೂಕಾಲು. ಇಬ್ಬರು ಗಂಡಸರು ವೈರು ಸುತ್ತುತ್ತಿದ್ದರು. ಅವಳು ಹನ್ನೆರಡಕ್ಕೆ ಸರಿಯಾಗಿ ಬಂದು, ಅರ್ಧ ಗಂಟೆ ಹಾಡಿ, ಸಹಿ ಹಾಕಿ ಏರ್‌ಪೋರ್ಟಿಗೆ ಹೋಗಿಯಾಗಿತ್ತು. ಶಾಲೆಯ ಹುಡುಗಿಯರು ಸಹಿಯ ಪೋಸ್ಟರನ್ನು ಮಡಿಕೆ ಬೀಳದ ಹಾಗೆ ಹಿಡಿದುಕೊಂಡು ಓಡಾಡುತ್ತಿದ್ದರು. ನನಗೆ ನಿಂತಲ್ಲೇ ಕಣ್ಣು ತುಂಬಿತು. ಅಷ್ಟು ಜನರ ನಡುವೆ, ಒಂದು ಬೂಟಿನ ಅಂಗಡಿಯ ಮುಂದೆ, ಮದುವೆಯಾದ ಹೆಂಗಸು ಹಾಗೆ ಅಳುವುದು ನನಗೇ ನಾಚಿಕೆ.

"ಬಿಡು, ಮುಂದಿನ ಸಲ ಬಂದಾಗ ನೋಡುವ. ಅವಳು ಎಲ್ಲಿಗೆ ಹೋಗ್ತಾಳೆ?" ಎಂದರು ಇವರು.

ದಾರಿಯುದ್ದಕ್ಕೂ ಬೈದೆ. ಸಂಘಕ್ಕೆ ಬೈದೆ, ಅನ್ನ ಸಾರಿಗೆ ಬೈದೆ, ಮನೆಗೆ ಬಂದು ಲಾರಿ ಓಡುವ ರಸ್ತೆಗೂ ಬೈದೆ. ಎರಡು ತಿಂಗಳಲ್ಲಿ ನಾವು ಸಿಡ್ನಿಯದೇ ಇನ್ನೊಂದು ಬಡಾವಣೆ ಕ್ವೇಕರ್ಸ್ ಹಿಲ್‌ನಲ್ಲಿದ್ದೆವು. ಅಲ್ಲಿ ಲಾರಿ ಇಲ್ಲ, ಮನುಷ್ಯರ ಸದ್ದೂ ಇಲ್ಲ. ಮೂರು ಬೀದಿ ನಡೆದರೂ ಒಂದು ಅಂಗಡಿ ಇಲ್ಲ ಎಂದು ನಾನು ಶುರು ಹಚ್ಚಿದೆ.

ಅವಳ ಎರಡನೆಯ ಆಲ್ಬಮ್ ಅಲ್ಲಿರುವಾಗ ಬಂತು. ಮೊದಲಿನದಕ್ಕಿಂತ ಮೆಲ್ಲಗಿನ ಹಾಡುಗಳು. ಒಂದರಲ್ಲಿ ಹೋಟೆಲ್ ರೂಮಿನ ಕಿಟಕಿ ತೆರೆಯುವುದಿಲ್ಲ ಎಂಬ ದೂರು, ಇನ್ನೊಂದರಲ್ಲಿ ಬೆಳಿಗ್ಗೆ ಎದ್ದು ತಾನು ಯಾವ ಊರಿನಲ್ಲಿದ್ದೇನೆಂದು ತಿಳಿಯಲು ಟೆಲಿಫೋನಿನ ಮೇಲಿನ ನಂಬರ್ ಓದುವುದು. ಗೋದಾಮಿನ ರೇಡಿಯೊ ಅದನ್ನು ಎರಡು ವಾರ ಹಾಕಿತು, ಆಮೇಲೆ ಮರೆತೇಬಿಟ್ಟಿತು. ಪೇಪರಿನಲ್ಲಿ ಯಾರೋ ಬರೆದಿದ್ದ, ಈಕೆ ಮೊದಲಿನ ಹಾಡನ್ನೇ ಮತ್ತೆ ಬರೆಯಲಾಗದೆ ಒದ್ದಾಡುತ್ತಿದ್ದಾಳೆ ಅಂತ. ನನಗೆ ಮೈ ಉರಿಯಿತು. ನಮ್ಮ ಮನೆಯ ಹುಡುಗಿಯನ್ನು ಯಾರೋ ನೋಡಲು ಬಂದು, ಉಪ್ಪಿಟ್ಟು ತಿಂದು, ಬೇಡ ಎಂದು ಎದ್ದುಹೋದ ಹಾಗಾಯಿತು.

ಆಮೇಲೆ ಇವರಿಗೆ ಮೆಲ್ಬರ್ನಿನಲ್ಲಿ ಕೆಲಸ. "ಅಲ್ಲಿ ಅಂಗಡಿ ಬಾಗಿಲಲ್ಲೇ ಉಂಟು, ರೈಲು ಉಂಟು" ಎಂದು ಸ್ವೀಟ್ ಹಂಚುವವರ ಹಾಗೆ ಹೇಳಿದರು. ಡ್ಯಾಂಡಿನಾಂಗ್‌ಗೆ ಬಂದೆವು. ನಿಜಕ್ಕೂ ಎಲ್ಲವೂ ಇತ್ತು. ಕರಿಬೇವು, ಹಸಿಮೆಣಸು, ಅಫ್ಘಾನ್ ರೊಟ್ಟಿ, ನನಗೆ ಹೆಸರು ಗೊತ್ತಿಲ್ಲದ ಸೊಪ್ಪುಗಳು. ಅಲ್ಲಿನ ಒಂದು ಅಂಗಡಿಯ ಮುಂದೆ ಅರ್ಧ ಬೆಲೆಯ ಸಿಡಿಗಳ ಬುಟ್ಟಿಯಲ್ಲಿ ಅವಳ ಎರಡನೆಯ ಆಲ್ಬಮ್ ಕಂಡಿತು, ಪ್ಲಾಸ್ಟಿಕ್ ಬಿಚ್ಚದೆ. ಮನೆಯಲ್ಲಿ ಒಂದಿದ್ದರೂ ಅದನ್ನೂ ತಂದೆ.

ಅಲ್ಲೇ ಒಂದು ಮೊಸರಿನ ಫ್ಯಾಕ್ಟರಿಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲು ಕ್ಯಾಶುವಲ್, ಒಂದು ವರ್ಷದ ಮೇಲೆ ಪರ್ಮನೆಂಟ್. ಬೆಳಿಗ್ಗೆ ಆರಕ್ಕೆ ಬಿಳಿ ಕೋಟು ಹಾಕಿ, ಹೆಪ್ಪಾದ ಮೊಸರಿನ ಹುಳಿ ಅಳೆದು, ಇದು ಹೋಗಬಹುದು, ಇದು ಕೂಡದು ಎನ್ನುವವಳು ನಾನು. ನಾನು ಕೂಡದು ಎಂದರೆ ಲಾರಿ ನಿಲ್ಲುತ್ತಿತ್ತು. ನನ್ನ ಓದು ಈ ದೇಶದಲ್ಲಿ ಮೊದಲ ಸಲ ಕೆಲಸಕ್ಕೆ ಬಂದಿತ್ತು. ಗಂಬೂಟು ಕಚ್ಚುತ್ತದೆ, ಕೋಲ್ಡ್ ರೂಮಿನಲ್ಲಿ ಬೆರಳು ಮರಗಟ್ಟುತ್ತದೆ, ಮನೆಯ ನಲ್ಲಿ ಸೋರುತ್ತದೆ, ಪಕ್ಕದವರ ನಾಯಿ ಬೊಗಳುತ್ತದೆ ಎಂದು ನಾನು ಸಂಜೆ ಸಂಜೆ ಒಪ್ಪಿಸುತ್ತಿದ್ದೆ. ಇವರು ಸುಮ್ಮನೆ ಕೇಳುತ್ತಿದ್ದರು.

ಒಂದು ಗುರುವಾರ ಇವರು ಹೇಳಿದರು, ಸಿಡ್ನಿಯಲ್ಲಿ ಮತ್ತೆ ಕೆಲಸ ಸಿಕ್ಕಿದೆ, ಸೋಮವಾರ ಉತ್ತರ ಕೊಡಬೇಕು ಅಂತ.

"ನಿಂಗೂ ಇಲ್ಲಿ ಸಾಕಾಗಿದೆಯಲ್ಲ" ಎಂದರು.

ಸಿಡ್ನಿ ಎಂದರೆ ಬಿಳಿ ಕೋಟು ಕಳಚುವುದು, ಮತ್ತೆ ಯಾವುದೋ ಗೋದಾಮಿನಲ್ಲಿ ಡಬ್ಬಿ ತುಂಬುವುದು. ಎಲ್ಲದಕ್ಕೂ ತೆರೆಯುವ ನನ್ನ ಬಾಯಿಗೆ ಆ ಹೊತ್ತು ಬೀಗ ಬಿತ್ತು. ಬರುವುದಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಕಾಲಿಗೆ ಚಕ್ರ ಕಟ್ಟಿಕೊಂಡ ಈ ಮನುಷ್ಯನಿಗೆ ನಿಲ್ಲುವುದೇ ಗೊತ್ತಿಲ್ಲ ಎಂದು ಒಳಗೊಳಗೇ ಕುದಿದೆ. ಶನಿವಾರ ಅವರು ತರಕಾರಿ ಅಂಗಡಿಯಿಂದ ಖಾಲಿ ಪೆಟ್ಟಿಗೆಗಳನ್ನು ತಂದು ಹಾಲ್‌ನಲ್ಲಿ ಜೋಡಿಸಿದರು.

ಅದೇ ಭಾನುವಾರ ಅವಳ ಕಚೇರಿ ಇತ್ತು. ಸಿಟಿಯ ಒಂದು ಸಣ್ಣ ಹಾಲ್, ಮಧ್ಯಾಹ್ನ ಮೂರಕ್ಕೆ. ಪೋಸ್ಟರನ್ನು ನಾನು ಸ್ಟೇಷನ್ನಿನಲ್ಲಿ ನೋಡಿ ತಿಂಗಳ ಮೊದಲೇ ಒಂದೇ ಒಂದು ಟಿಕೆಟ್ ಬುಕ್ ಮಾಡಿದ್ದೆ. ಈ ಸಲ ಯಾರ ಗಡಿಯಾರವೂ ಬೇಡ ಎಂದು ಒಂದಕ್ಕೇ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತೆ. ಒಳಗೆ ಅರ್ಧದಷ್ಟು ಕುರ್ಚಿ ಖಾಲಿ. ಮೂರಾಗುತ್ತಿದ್ದಂತೆ ಅವಳು ಬಂದಳು. ಸಿಡಿಯ ಮೇಲಿನದಕ್ಕಿಂತ ಸಣ್ಣ ಜೀವ, ಕಣ್ಣ ಕೆಳಗೆ ಕಪ್ಪು. ಕಾರಿನ ಹಾಡನ್ನು ಮೊದಲೇ ಹಾಡಿ ಮುಗಿಸಿದಳು, ಕೆಲಸ ತೀರಿಸುವವರ ಹಾಗೆ. ಆಮೇಲೆ ಪಿಯಾನೊ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು, ಇದು ತನ್ನ ಕೊನೆಯ ಪ್ರವಾಸ, ಇದಾದ ಮೇಲೆ ಹಾಡುವುದಿಲ್ಲ. ಯಾರೋ ಹಿಂದಿನಿಂದ "ಯಾಕೆ?" ಎಂದು ಕೂಗಿದರು. ತಾನು ಹಾಡು ಬರೆಯುತ್ತಿದ್ದದ್ದು ಅಡುಗೆಮನೆಯ ಮೇಜಿನ ಮೇಲೆ, ಆ ಮೇಜು ನೋಡಿ ಎಷ್ಟೋ ಕಾಲವಾಯಿತು ಎಂದಳು. ಜನ ನಕ್ಕರು. ನನಗೆ ಮಾತ್ರ ಸಿಟ್ಟು ಬಂತು. ಇಷ್ಟು ಸಿಕ್ಕಮೇಲೆ ಬೇಡ ಅನ್ನುವುದಕ್ಕೆ ಇವಳಿಗೆ ಎಷ್ಟು ಧೈರ್ಯ!

ಕಚೇರಿ ಮುಗಿದ ಮೇಲೆ ಅವಳು ಒಂದು ಮೇಜಿನ ಹಿಂದೆ ಕುಳಿತು ಸಹಿ ಹಾಕಿದಳು. ನನ್ನ ಸರದಿ ಬಂದಾಗ ಏನೇನೋ ಹೇಳಬೇಕೆಂದು ತಯಾರಿ ಮಾಡಿದ್ದೆಲ್ಲ ಹಾರಿಹೋಗಿ, ನಮ್ಮೂರಿನ ಯಾವ ಆಂಟಿಯಾದರೂ ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆಯೇ ಬಾಯಿಂದ ಬಂತು. ಹಾಗಾದರೆ ಮುಂದೇನು ಮಾಡುತ್ತೀ, ಬೇರೆ ಕೆಲಸ ನೋಡಿದ್ದೀಯಾ?

ಅವಳು ತಲೆಯೆತ್ತಿ ನೋಡಿ, ಬೇಸರಪಡದೆ, ಇನ್ನೂ ಗೊತ್ತಿಲ್ಲ ಎಂದಳು. ಬೇಡ ಎಂದು ಹೇಳುವುದನ್ನೇ ಒಂದು ವರ್ಷದಿಂದ ಮುಂದೂಡುತ್ತ ಬಂದೆ, ಹೇಳಿದ ದಿನ ಯಾರೂ ಸಾಯಲಿಲ್ಲ ಎಂದಳು. ಆಮೇಲೆ, "ನೀವು ಎಲ್ಲಿಯವರು?" ಎಂದು ಕೇಳಿದಳು.

"ಡ್ಯಾಂಡಿನಾಂಗ್" ಎಂದೆ. ಹುಬ್ಬಳ್ಳಿ ಎನ್ನಲಿಲ್ಲ, ಇಂಡಿಯಾ ಎನ್ನಲಿಲ್ಲ. ರೈಲು ಹತ್ತಿ ಕುಳಿತ ಮೇಲೆ ಅದು ನನ್ನ ಗಮನಕ್ಕೆ ಬಂತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಇವರು ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

"ನಾ ಬರಂಗಿಲ್ಲರಿ."

"ಎಲ್ಲಿಗೆ?"

"ಸಿಡ್ನಿಗೆ. ಎಲ್ಲಿಗೂ ಬರಂಗಿಲ್ಲ. ನೀವು ಬೇಕಾರ ಹೋಗ್ರಿ, ನಾ ಒಬ್ಬಾಕಿನ ಇರ್ತೀನಿ. ಎಷ್ಟಂತ ತಿರುಗಸ್ತೀರಿ ನನ್ನ? ನಿಮಗೊಂದು ಕಡೆ ನಿಲ್ಲಾಕ ಯಾಕ ಆಗಂಗಿಲ್ಲ?"

ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಜಗಳಕ್ಕೆ ಬರುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿದವಳ ಹಾಗೆ ನಿಂತಿದ್ದೆ. ಅವರು ನನ್ನನ್ನು ಪರಕೀಯಳನ್ನು ನೋಡುವ ಹಾಗೆ ನೋಡಿದರು.

"ನಂಗೆ ಆಗುದಿಲ್ಲ ಅಂತ ಯಾರು ಹೇಳಿದ್ದು? ಇಲ್ಲಿ ಆಗುದಿಲ್ಲ ಅಂತ ನೀನಲ್ವಾ ಹೇಳಿದ್ದು? ನೀನು ಕತ್ತಲೆ ಅಂದೆ, ನಾನು ಬೇರೆ ಮನೆ ನೋಡಿದೆ. ಲಾರಿ ಅಂದೆ, ಅಂಗಡಿ ಇಲ್ಲ ಅಂದೆ. ಈಗ ದಿನಾ ನಾಯಿ, ನಲ್ಲಿ, ಗಂಬೂಟು. ನಮ್ಮ ಮನೆಯಲ್ಲಿ ಅಮ್ಮ ಒಂದು ಸಲ ಇದು ಸರಿ ಇಲ್ಲ ಅಂದ್ರೆ, ಅಪ್ಪ ಅದನ್ನು ಸರಿ ಮಾಡದೆ ಮಲಗ್ತಿರಲಿಲ್ಲ. ಅಮ್ಮ ಅಷ್ಟು ತಡೆದುಕೊಂಡೇ ಹೇಳುದು. ನಿಂಗೆ ಯಾವ ಮನೆಯೂ ಆಗುದಿಲ್ಲ ಅಂತ ನಾನು ಎಷ್ಟು ಹೆದರಿದ್ದೆ ಗೊತ್ತುಂಟಾ? ಸಿಡ್ನಿ ಕೆಲಸಕ್ಕೆ ನಾನಾಗಿಯೇ ಕೇಳಿಕೊಂಡದ್ದು, ನಿನಗೋಸ್ಕರ. ನಂಗೆ ಸಾಕಾಗಿದೆ ಮಾರಾಯ್ತಿ. ಈ ಪೆಟ್ಟಿಗೆ ನೋಡಿದ್ರೆ ವಾಂತಿ ಬರ್ತದೆ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಯಾರಾದರೂ ಗೊಣಗುವುದನ್ನು ನಿಲ್ಲಿಸಿದರೆ ಡಾಕ್ಟರನ್ನು ಕರೆಸಬೇಕಿತ್ತು ಎಂದು ವಿವರಿಸಲು ಹೊರಟೆ. ಅರ್ಧಕ್ಕೇ ಬಿಟ್ಟು, ಅವರು ಸುತ್ತಿಟ್ಟ ಪಾತ್ರೆಗಳ ಪೇಪರ್ ಬಿಚ್ಚತೊಡಗಿದೆ. ಮೂರು ವರ್ಷ ಈ ಮನುಷ್ಯ ನನ್ನ ಒಂದೊಂದು ಮಾತನ್ನೂ ಮನಸ್ಸಿಗೆ ಹಚ್ಚಿಕೊಂಡು ಮನೆ ಹೊತ್ತು ತಿರುಗಿದ್ದರು.

ಸೋಮವಾರ ನಾನು ಕೆಲಸಕ್ಕೆ ಹೊರಡುವ ಮೊದಲೇ ಅವರು ಸಿಡ್ನಿಯವರಿಗೆ ಬರುವುದಿಲ್ಲ ಎಂದು ಮೆಸೇಜ್ ಬಿಟ್ಟರು. ಫೋನ್ ಇಟ್ಟು, ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು.

"ಈಗ ಹೇಳು, ಈ ಮನೆಯಲ್ಲಿ ಎಂಥೆಂಥ ಸರಿ ಇಲ್ಲ? ಇವತ್ತು ಪೂರ್ತಿ ಕೇಳ್ತೇನೆ. ಆದ್ರೆ ಎಂಥದೂ ಮಾಡುದಿಲ್ಲ."

ನಾನು ಬಾಯಿ ತೆರೆದೆ. ಒಂದೂ ನೆನಪಾಗಲಿಲ್ಲ.