ಸೊಹಾರಿನಿಂದ ನಡೆಯುತ್ತಿದ್ದ ಪಂಚಾಯಿತಿ

ನಮ್ಮೂರಿನ ಗ್ರಾಮ ಪಂಚಾಯಿತಿ ಸಭೆ ಯಾವಾಗಲೂ ಶುಕ್ರವಾರವೇ ನಡೆಯುತ್ತಿತ್ತು. ಲಕ್ಷ್ಮಿಯ ವಾರ, ಊರಿಗೆ ಒಳ್ಳೆಯದಾಗಲಿ ಅಂತ ಅಧ್ಯಕ್ಷೆ ಹಾಗೆ ಗೊತ್ತು ಮಾಡಿದ್ದಾಳೆ ಎಂದು ಹಿರಿಯರು ಮೆಚ್ಚಿಕೊಳ್ಳುತ್ತಿದ್ದರು. ಆ ಅಧ್ಯಕ್ಷೆ ನಾನೇ. ನನಗೆ ಯಾವ ವಾರವಾದರೂ ಆಗುತ್ತಿತ್ತು. ಒಮಾನಿನಲ್ಲಿ ಶುಕ್ರವಾರ ರಜೆ, ಸೊಹಾರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಗಂಡನಿಗೆ ಅಂದು ಬಿಡುವು, ಅದಕ್ಕೇ ನಮ್ಮೂರಿನ ಸಭೆ ಶುಕ್ರವಾರ.

ಚುನಾವಣೆಗೆ ನಿಲ್ಲಬೇಕು ಅಂತ ಆಸೆಯಿದ್ದದ್ದು ಅವರಿಗೆ. ನಮ್ಮ ವಾರ್ಡು ಮಹಿಳೆಗೆ ಮೀಸಲು ಎಂದು ಪಟ್ಟಿ ಬಂದ ದಿನ ಫೋನಿನಲ್ಲಿ ಸರಕಾರಕ್ಕೆ ಹಿಡಿಶಾಪ ಹಾಕಿದರು. ಮರುದಿನ ತಣ್ಣಗಾಗಿ, "ನೀ ನಿಲ್ಲು. ಹೆಸರು ನಿಂದು, ಕೆಲಸ ನಂದು" ಅಂದರು. ನಾನು ಮನೆ ಮನೆ ತಿರುಗಿ ಮತ ಕೇಳಿದೆ, ಗೆದ್ದೆ. ಅಧ್ಯಕ್ಷ ಸ್ಥಾನವೂ ಮಹಿಳೆಗೇ ಮೀಸಲಾದ್ದರಿಂದ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ನೀರಿನ ಬಾಟಲಿಗೆ ಒರಗಿಸಿ ಒಂದು ಫೋನನ್ನೂ ಕೂರಿಸಿದರು, ಅದರೊಳಗೆ ಸೊಹಾರಿನಿಂದ ನನ್ನ ಗಂಡ. ಪಂಚಾಯಿತಿಯ ಅಧಿಕಾರಿ, ಎಲ್ಲರೂ ಪಿಡಿಒ ಸಾಹೇಬರೆನ್ನುವ ಮನುಷ್ಯ, ಪ್ರತಿ ವಿಷಯವನ್ನೂ ಆ ಫೋನಿನ ಕಡೆ ಬಾಗಿ ಕೇಳುತ್ತಿದ್ದ. ಉತ್ತರ ಬಂದ ಮೇಲೆ ಪುಸ್ತಕ ನನ್ನ ಮುಂದೆ ಸರಿಸುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ.

ಉಳಿದ ಹೆಣ್ಣು ಸದಸ್ಯರ ಪಾಡು ಇನ್ನೂ ಕಡೆ. ಅವರು ಸಭೆಗೇ ಬರುತ್ತಿರಲಿಲ್ಲ. ಅವರ ಕುರ್ಚಿಗಳಲ್ಲಿ ಗಂಡಂದಿರು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಹಾಗೆ ಕೂರಬಾರದೆಂದು ಆದೇಶವಿದೆ. ಅದನ್ನು ಓದಿ ಹೇಳಬೇಕಾದ ಸಾಹೇಬನೇ ಅವರಿಗೆ ಚಹಾ ತರಿಸುತ್ತಿದ್ದ.

ಇಷ್ಟೆಲ್ಲ ಸಹಿಸಿಕೊಂಡಿದ್ದೆ. ನೀರಿನ ಟಾಕಿಯ ವಿಷಯ ಬಂದಾಗ ಸಹಿಸಲಾಗಲಿಲ್ಲ. ಮ್ಯಾಲಿನ ಓಣಿಯ ಹೆಂಗಸರು ಡಾಂಬರು ರಸ್ತೆ ದಾಟಿ ಹೋಗಿ ಬೋರಿನಿಂದ ಕೊಡ ಹೊತ್ತು ತರುತ್ತಾರೆ. ಲಾರಿಗಳು ಓಡಾಡುವ ರಸ್ತೆ. ಮತ ಕೇಳಲು ಹೋದಾಗ ಅವರು ನನ್ನ ಹತ್ತಿರ ಬೇಡಿದ್ದು ಅದೊಂದೇ, ಟಾಕಿ. ಟಾಕಿ ಮಂಜೂರಾಯಿತು. ಸೊಹಾರಿನ ಫೋನು ಮಾತ್ರ ಅದನ್ನು ಕಾಕಾನ ಹೊಸ ಪ್ಲಾಟುಗಳ ಪಕ್ಕ ಕಟ್ಟಿರಿ ಅಂದಿತು. ಕಾಕಾ ಅಂದರೆ ನನ್ನ ಗಂಡನ ಚಿಕ್ಕಪ್ಪ, ಪಂಚಾಯಿತಿಯ ಉಪಾಧ್ಯಕ್ಷ. ನೀರು ಬಂದರೆ ಪ್ಲಾಟಿಗೆ ಬೆಲೆ ಬರುತ್ತದೆ, ಮತ್ತೇನಿಲ್ಲ. ನಾನು ಪೆನ್ನು ಕೆಳಗಿಟ್ಟೆ. "ಮ್ಯಾಲಿನ ಓಣಿಗೆ ಅಂತ ಬರೀರಿ, ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ" ಅಂದೆ. ಸಭೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿದರು.

ಅಂದು ರಾತ್ರಿ ಬೈಗುಳ ಬರುತ್ತದೆ ಅಂತ ಕಾದೆ. ಬರಲಿಲ್ಲ. ಬಂದದ್ದು ಒಮಾನಿಗೆ ವಿಮಾನದ ಟಿಕೆಟ್ಟು. ಮದುವೆಯಾದಾಗಿನಿಂದ ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದೆ, ಒಮ್ಮೆ ಕರೆಸಿಕೊಳ್ಳಿ ಅಂತ. ಆಗೆಲ್ಲ ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ವೀಸಾ ಕಷ್ಟ, ಬಿಸಿಲು ನಿನಗೆ ತಡೆಯಲಾಗದು ಅನ್ನುತ್ತಿದ್ದರು. ಈಗ ಒಂದೇ ವಾರದಲ್ಲಿ ವಿಸಿಟ್ ವೀಸಾ ಬಂತು, ಊರಿಗೆ ಹೋದ ಗೆಳೆಯನ ಫ್ಲಾಟೂ ಸಿಕ್ಕಿತು. "ಸಭಿ ಎಲ್ಲ ನೀ ವಾಪಸ್ ಬಂದ ಮ್ಯಾಲ" ಎಂದರು. ಖುಷಿಯಲ್ಲಿ ನಂಬಿದೆ. ಹೊಸ ಸೀರೆ ಉಟ್ಟು ಸೊಹಾರಿಗೆ ಬಂದಿಳಿದೆ.

ಪಕ್ಕದ ಫ್ಲಾಟಿನಲ್ಲಿ ಉಡುಪಿ ಕಡೆಯ ದಂಪತಿ. ಮೊದಲ ದಿನವೇ ಆಕೆ ಮೀನು ಸಾರು ಹಿಡಿದುಕೊಂಡು ಬಂದು, "ಅಧ್ಯಕ್ಷರ ಹೆಂಡ್ತಿ ನೀವೇ ಅಲ್ವಾ ಮಾರಾಯ್ರೆ? ನಮ್ಮವ್ರು ಹೋಗುವ ಕಂಪೆನಿ ಬಸ್ಸಲ್ಲಿ ಎಲ್ಲ ನಿಮ್ಮ ಗಂಡನನ್ನು ಅಧ್ಯಕ್ಷ್ರೇ ಅಂತಲೇ ಕರೆಯುದು" ಅಂದರು. ನನ್ನ ಗಂಡ ನಾಚಿದ ಹಾಗೆ ನಕ್ಕರು. ನಾನು ಆಕೆಯ ಪಾತ್ರೆ ತೊಳೆದು ವಾಪಸ್ ಕೊಟ್ಟೆ.

ಮುಂದಿನ ಶುಕ್ರವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಹೊರಗಿನ ಕೋಣೆಯ ಸೋಫಾದಲ್ಲಿ, ಲುಂಗಿಯಲ್ಲಿ, ಕೈಯಲ್ಲಿ ಚಹಾ. ಟೀಪಾಯಿಯ ಮೇಲೆ ಸ್ಪೀಕರ್ ಹಾಕಿಟ್ಟ ಫೋನು. ಅದರಿಂದ ಪಿಡಿಒ ಸಾಹೇಬನ ದನಿ ಬಂದಾಗ ನನ್ನ ಕೈ ಹಿಟ್ಟಿನಲ್ಲೇ ನಿಂತಿತು. "ಅಧ್ಯಕ್ಷರು ಊರಾಗಿಲ್ಲ, ಉಪಾಧ್ಯಕ್ಷರು ಸಭಿ ನಡಸ್ಯಾರ ಅಂತ ಬರ್ಕೊಳ್ರಿ" ಎಂದು ನನ್ನ ಗಂಡ ಹೇಳುತ್ತಿದ್ದರು. "ಟಾಕಿ ಜಾಗಾ ಇವತ್ತ ಖಲಾಸ್ ಮಾಡಿಬಿಡ್ರಿ."

ಟಿಕೆಟ್ಟು ಯಾಕೆ ಬಂತು ಎಂಬುದು ಆಗ ತಿಳಿಯಿತು. ಹೆಂಡತಿಯ ಮೇಲಿನ ಪ್ರೀತಿ ಅಂದುಕೊಂಡಿದ್ದೆನಲ್ಲ! ನನ್ನನ್ನು ಕುರ್ಚಿಯಿಂದ ಎಬ್ಬಿಸಲು ಸಮುದ್ರ ದಾಟಿಸಿದ್ದರು. ಊರಲ್ಲಿದ್ದರೆ ಸಹಿಗಾದರೂ ಬೇಕಾಗುತ್ತಿದ್ದೆ. ಇಲ್ಲಿ ನನ್ನ ಸಭೆ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಡೆಯುತ್ತಿದ್ದರೂ ಯಾರಿಗೂ ನನ್ನ ನೆನಪಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅಂಥ ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಹೋಗಿ ಫೋನಿನ ಮುಂದೆ ಬಾಗಿದೆ. "ಸಾಹೇಬ್ರ, ಅಧ್ಯಕ್ಷಿ ಮಾತಾಡಾಕತ್ತೇನಿ. ಠರಾವು ನಿಲ್ಲಸ್ರಿ."

ಸಾಹೇಬ, "ಅಕ್ಕಾರ, ನೀವು ಪರದೇಶದಾಗ ಅದೀರಿ, ಅದು ನಡಿಯಂಗಿಲ್ರಿ. ಫೋನ್ ಸಾಹೇಬ್ರ ಕೈಯಾಗ ಕೊಡ್ರಿ" ಎಂದ. ಆ ಸಾಹೇಬರಾದ ನನ್ನ ಗಂಡನೂ ಅದೇ ಪರದೇಶದಲ್ಲಿ, ಅದೇ ಸೋಫಾದ ಮೇಲೆ ಕೂತಿದ್ದರು.

"ಕೇಳಿದ್ಯಲ್ಲ? ರೊಟ್ಟಿ ಹೊತ್ತೀತು, ಹೋಗು" ಎಂದರು ನನ್ನ ಗಂಡ.

ಅಡುಗೆಮನೆಗೆ ಹೋಗಿ ಒಲೆ ಆರಿಸಿದೆ. ನನ್ನ ಫೋನಿನಿಂದ ಮ್ಯಾಲಿನ ಓಣಿಯ ಸದಸ್ಯೆಗೆ ಕರೆ ಮಾಡಿದೆ. ಅವಳೂ ಮೀಸಲಾತಿಯಲ್ಲೇ ಗೆದ್ದವಳು, ಮನೆಯೂ ಪಂಚಾಯಿತಿಯ ಹಿಂದೆಯೇ. "ಟಾಕಿ ಕಾಕಾನ ಪ್ಲಾಟಿಗೆ ಹೊಂಟೈತಿ. ನೀ ಈಗಿಂದೀಗ ಒಳಗ ಹೋಗಿ ನಿನ್ನ ಕುರ್ಚಿ ಮ್ಯಾಲ ಕುಂದ್ರು" ಅಂದೆ.

"ಅಕ್ಕಾರ, ಕುರ್ಚಿ ಮ್ಯಾಲ ನಮ್ಮ ಮನಿಯವ್ರು ಕುಂತಾರಲ್ರಿ."

"ಎಬ್ಬಸು."

ಫೋನು ಕಟ್ಟಾಯಿತು. ಹೆದರಿದಳು, ಮುಗಿಯಿತು ಅಂದುಕೊಂಡೆ. ಹೊರಗಿನ ಕೋಣೆಯ ಫೋನಿನಲ್ಲಿ ಕಾಕಾ ಠರಾವು ಓದಿಸುತ್ತಿದ್ದರು. ಬಾಗಿಲಿಗೆ ಬಂದು ನಿಂತೆ.

ಅಷ್ಟರಲ್ಲಿ ನನ್ನ ಗಂಡನ ಫೋನಿನೊಳಗೆ ಗಲಾಟೆ ಶುರುವಾಯಿತು. ಯಾರೋ ಹೊರಗ ನಡಿ ಅಂದರು. ಅದರ ಮೇಲೆ ಮ್ಯಾಲಿನ ಓಣಿಯ ಸದಸ್ಯೆಯ ದನಿ ಕೇಳಿಸಿತು. "ಏಳ್ರಿ. ಮಂದಿ ಓಟ್ ಹಾಕಿದ್ದು ನನಗ. ಏಳ್ರಿ ಅಂದೆ. ಸಾಹೇಬ್ರ, ಬರ್ಕೊಳ್ರಿ, ಟಾಕಿ ಮ್ಯಾಲಿನ ಓಣಿಗೇ ಆಗಬೇಕು."

ಕುರ್ಚಿ ನೆಲಕ್ಕೆ ಉಜ್ಜಿಕೊಂಡು ಸರಿದ ಸದ್ದು ಸೊಹಾರಿನ ಆ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ನನ್ನ ಗಂಡ ಸ್ಪೀಕರ್ ಆರಿಸಲು ಕೈ ಚಾಚಿದರು. ನಾನು ಆ ಕೈಯನ್ನು ಹಿಡಿದೆ.

"ಇರ್ಲಿ ಬಿಡ್ರಿ," ಎಂದೆ, "ನನ್ನ ಸಭಿ ಇನ್ನೂ ನಡದೈತಿ."