ಕನ್ನಡಕದ ಚನ್ನಬಸಪ್ಪನವರ ಪಿಕಪ್ಪು

೧೯೬೨ರ ಮಾರ್ಚ್ ತಿಂಗಳ ಒಂದು ಸಂತೆಯ ದಿನ ಹೊಳೆಹೊನ್ನೂರಿನಲ್ಲಿ ಹತ್ತೊಂಬತ್ತು ಹೆಂಗಸರು ಕಣ್ಣು ಪರೀಕ್ಷೆ ಮಾಡಿಸಿಕೊಂಡರು. ಪರೀಕ್ಷೆ ಮಾಡಿದವರು ಶಿವಮೊಗ್ಗದ ಕನ್ನಡಕದ ವ್ಯಾಪಾರಿ ಚನ್ನಬಸಪ್ಪನವರು. ಆರಡಿ ಮೂರಂಗುಲ ಎತ್ತರದ ಅವರು ಅಷ್ಟೂ ಕೆಲಸವನ್ನು ಬಾಗಿಲು ಹಾಕಿದ ಕೋಣೆಯೊಳಗೆ ನೆಟ್ಟಗೆ ನಿಂತು ಮಾಡಿದರು. ಆ ಕೋಣೆ ಒಂದು ಪಿಕಪ್ ಗಾಡಿಯ ಮೇಲಿತ್ತು.

ನಾನು ಆಗ ಒಂದು ಪತ್ರಿಕೆಗೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಚನ್ನಬಸಪ್ಪನವರ ಅಂಗಡಿ ಗಾಂಧಿ ಬಜಾರಿನಲ್ಲಿತ್ತು. ಹೆಂಚಿನ ಮಾಡು ಬಹಳ ತಗ್ಗು. ಅವರು ಯಾವ ಬಾಗಿಲಿಗೆ ಬಂದರೂ ಮೊದಲು ಎಡಗೈ ಮೇಲೆತ್ತಿ ಚೌಕಟ್ಟನ್ನು ಮುಟ್ಟಿ, ಆಮೇಲೆ ತಲೆ ತಗ್ಗಿಸಿ ಒಳಗೆ ಬರುತ್ತಿದ್ದರು. ನಲವತ್ತು ವರ್ಷದ ಅಭ್ಯಾಸ. ಹಣೆಯ ವಿಭೂತಿಯ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಅದು ಕೈ ಎತ್ತಲು ಮರೆತ ಒಂದು ದಿನದ್ದು.

ಅವರಿಗೆ ಸ್ವತಃ ಕನ್ನಡಕ ಇರಲಿಲ್ಲ. ಬೇರೆಯವರ ಕನ್ನಡಕ ಮಸುಕಾಗಿದ್ದರೆ ಮಾತು ನಡೆಯುತ್ತಿರುವಾಗಲೇ ಕೇಳದೆ ಕೈ ಹಾಕಿ ಕಿತ್ತುಕೊಂಡು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸುತ್ತಿದ್ದರು. "ಕಾಣ್ತಾ ಈಗ? ಹಾಂ, ಈಗ ಹೇಳಿ ನಿಮ್ಮ ಸುದ್ದಿ." ತಾಲ್ಲೂಕು ಕಚೇರಿಯ ಅಧಿಕಾರಿಯೊಬ್ಬರಿಗೂ ಸಭೆಯ ನಡುವೆ ಹೀಗೆ ಮಾಡಿದ್ದನ್ನು ನಾನು ಕಂಡಿದ್ದೇನೆ.

ಅಕ್ಷರದ ಪಟ ಅವರ ಅಂಗಡಿಯ ಗೋಡೆಯಲ್ಲೂ ತೂಗುತ್ತಿತ್ತು. ಆದರೆ ಹಳ್ಳಿಯಿಂದ ಬಂದವರಲ್ಲಿ ಹೆಚ್ಚಿನವರಿಗೆ ಓದು ಬಾರದು. ಅವರಿಗಾಗಿ ಒಂದು ಮೊರದಲ್ಲಿ ಒಂದು ಪಾವು ಅಕ್ಕಿ ಹರವಿ, ಅದರಲ್ಲಿ ಏಳು ಬಿಳಿ ಕಲ್ಲು ಬೆರೆಸಿ ಇಟ್ಟಿರುತ್ತಿದ್ದರು. ಆರಿಸಬೇಕು. ಏಳೂ ಸಿಕ್ಕಿದರೆ ಕನ್ನಡಕ ಬೇಡ, ಮನೆಗೆ ಹೋಗಬಹುದು. ಕಡಿಮೆಯಾದರೆ ಒಂದೊಂದೇ ಗಾಜು ಬದಲಿಸಿ ಏಳು ಸಿಗುವ ತನಕ ಆರಿಸಬೇಕು. ನನ್ನನ್ನೂ ಒಮ್ಮೆ ಕೂರಿಸಿದರು. ಐದು ಸಿಕ್ಕಿತು.

"ಜಿಲ್ಲೆಯಲ್ಲಿ ನಡೆಯೋದೆಲ್ಲ ಇವರಿಗೆ ಕಾಣ್ತದಂತೆ. ಅಕ್ಕೀಲಿರೋ ಎರಡು ಕಲ್ಲು ಕಾಣಲಿಲ್ಲ ನೋಡೇ," ಎಂದು ಹೆಂಡತಿ ನೀಲಮ್ಮನವರಿಗೆ ಹೇಳಿದರು.

"ಅದಕ್ಕೇ ಪೇಪರ್ ಓದ್ವಾಗ ಹಲ್ಲಿಗೆ ಕಲ್ಲು ಸಿಗ್ತದೆ," ಎಂದರು ನೀಲಮ್ಮ. ಮೊರ ಅವರದು, ಅಕ್ಕಿ ಅವರದು, ಏಳು ಕಲ್ಲಿನ ಉಪಾಯವೂ ಮೂಲದಲ್ಲಿ ಅವರದೇ.

ಚನ್ನಬಸಪ್ಪನವರು ವಾರಕ್ಕೊಂದು ಸಂತೆಗೆ ಬಸ್ಸಿನಲ್ಲಿ ಪೆಟ್ಟಿಗೆ, ಮೊರ ಹೊತ್ತುಕೊಂಡು ಹೋಗುತ್ತಿದ್ದರು. ೧೯೬೦ರಲ್ಲಿ ಹೊಳೆಹೊನ್ನೂರಿನ ಸಂತೆಯಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿ. ಬೇವಿನ ಮರದ ಕೆಳಗೆ ಮಣೆ ಹಾಕಿದ್ದರು. ಹಾಲಮ್ಮ ಎಂಬ ಕೌದಿ ಹೊಲಿಯುವ ಹೆಂಗಸು ಬಂದು ಕೂತಳು. ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸಲಾಗದೆ ಅವಳ ಕೆಲಸ ನಿಂತಿತ್ತು. ಮೊರಕ್ಕೆ ಕೈ ಹಾಕಿದ ಕೂಡಲೇ ಸುತ್ತ ಗಂಡಸರು ನೆರೆದರು. ಅವರಲ್ಲಿ ಗಡ್ಡದ ನಿಂಗಪ್ಪ ಎಂಬ ಬೆಲ್ಲದ ವ್ಯಾಪಾರಿಯ ಗಂಟಲು ದೊಡ್ಡದು.

"ಏನ್ ಹಾಲಕ್ಕ, ಗಂಡನ ಮುಖ ಕಾಣಂಗಿಲ್ವಾ? ಹೊಸಾದ್ ನೋಡ್ತೀಯಾ?"

ನಗೆ ಎದ್ದಿತು. ಹಾಲಮ್ಮ ಸೆರಗು ತಲೆಗೆಳೆದುಕೊಂಡು ಎದ್ದಳು. ಅಕ್ಕಿ ಚೆಲ್ಲಿತು. ಅವಳು ಮೂರು ಕಲ್ಲು ಆರಿಸಿದ್ದಳು. ಅದಾದ ಮೇಲೆ ಒಂದೂವರೆ ವರ್ಷ ಆ ಸಂತೆಯಲ್ಲಿ ಒಬ್ಬ ಹೆಂಗಸೂ ಆ ಮಣೆಯ ಮೇಲೆ ಕೂರಲಿಲ್ಲ.

"ಗಾಜು ಇದೆ, ಮೊರ ಇದೆ. ಬಾಗಿಲು ಇಲ್ಲ ಮಾರಾಯ್ರೆ," ಎಂದರು ಚನ್ನಬಸಪ್ಪನವರು, ಆ ದಿನ ವಾಪಸು ಬರುವ ಬಸ್ಸಿನಲ್ಲಿ. ಮುಂದಿನ ತಿಂಗಳು ಕಮಾನು ಗಾಡಿಗೆ ಪರದೆ ಕಟ್ಟಿಸಿ ನೋಡಿದರು. ಅದರೊಳಗೆ ಅವರು ಮಂಡಿಗೆ ಗಲ್ಲ ತಾಗಿಸಿ ಕೂರಬೇಕಾಯಿತು. ನೀಲಮ್ಮ ಪರದೆ ಸರಿಸಿ ಇಣುಕಿ, "ಹೀಗೆ ಮುದುರಿ ಕೂತಿರೋ ಗಂಡಸಿನ ಎದುರು ನಾನೇ ಹತ್ತಲ್ಲ," ಎಂದರು. ಗಾಡಿ ಅಲ್ಲಿಗೆ ಮುಗಿಯಿತು. ಗಾಡಿಯ ಬದಲು ಮಿಲಿಟರಿ ಹರಾಜಿನ ಒಂದು ಹಳೆಯ ಪಿಕಪ್ಪು ಕೊಂಡರು. ಅದರ ಮೇಲೆ ಏನು ಕಟ್ಟುವುದೆಂದು ತಿಳಿಯದೆ ಆಲ್ಕೊಳದ ತಮ್ಮ ಮನೆಯ ಮುಂದೆ ನಿಲ್ಲಿಸಿದ್ದರು.

೧೯೬೨ರ ಜನವರಿಯಲ್ಲಿ ಭದ್ರಾವತಿಯಲ್ಲಿ ಒಬ್ಬ ವಿದೇಶಿ ಎಂಜಿನಿಯರರ ಬೀಳ್ಕೊಡುಗೆಯ ಸುದ್ದಿ ಮಾಡಲು ಹೋಗಿದ್ದೆ. ಅವರು ಕಾಡಿನಲ್ಲಿ ಸರ್ವೆಗೆ ಹೋಗುವಾಗ ಲಾರಿಯ ಮೇಲೆ ಹೇರಿಕೊಂಡು ಹೋಗುತ್ತಿದ್ದ ಒಂದು ತಗಡಿನ ಪೆಟ್ಟಿಗೆಯನ್ನು ಬಿಟ್ಟು ಹೊರಟಿದ್ದರು, ಅದು ಮಾರಾಟಕ್ಕಿತ್ತು. ಅದನ್ನು ರಿಪೇರಿ ಮಾಡುತ್ತಿದ್ದ ಫಿಟ್ಟರ್ ಮುರುಗೇಶ, "ಬಾಕ್ಸ್ ಅಲ್ಲ ಸಾರ್, ವೀಡು, ಮನೆ. ರೂಮು. ಮೇಲೆ ಏಳ್ತದೆ," ಎಂದ. ನಾನು ಮರುದಿನವೇ ಚನ್ನಬಸಪ್ಪ ದಂಪತಿಗಳನ್ನು ಕರೆದುಕೊಂಡು ಹೋದೆ.

ಪೆಟ್ಟಿಗೆ ಎದೆಯೆತ್ತರ ಇತ್ತು. ಚನ್ನಬಸಪ್ಪನವರು ನನ್ನತ್ತ ನೋಡಿದರು. ಮುರುಗೇಶ ನಾಲ್ಕು ಮೂಲೆಯ ಕೊಂಡಿ ಬಿಚ್ಚಿ, ಹೆಗಲು ಕೊಟ್ಟು ಚಾವಣಿಯನ್ನು ಮೇಲಕ್ಕೆ ದೂಡಿದ. ತಗಡಿನ ಚಾವಣಿ ಎದ್ದಿತು. ಅದರ ಜೊತೆಗೇ ನಾಲ್ಕೂ ಕಡೆ ಮಡಿಸಿಟ್ಟಿದ್ದ ಕ್ಯಾನ್‌ವಾಸು ಗೋಡೆಯಾಗಿ ಬಿಚ್ಚಿಕೊಂಡಿತು. ಹಿಂದೆ ಒಂದು ಬಾಗಿಲು, ಚಿಲಕ ಸಮೇತ.

ಚನ್ನಬಸಪ್ಪನವರು ಅಭ್ಯಾಸದಂತೆ ಎಡಗೈ ಎತ್ತಿ ಚೌಕಟ್ಟು ಮುಟ್ಟಿ, ತಗ್ಗಿ ಒಳಗೆ ಹೋದರು. ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದರು. ತಲೆಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು.

"ನೀಲಾ, ನಿಂತಿದೀನಿ ನೋಡೇ."

ನೀಲಮ್ಮ ನೋಡಿದ್ದು ಬೇರೆ. "ಆ ಮೂಲೇಲಿ ಹರಿದಿದೆ. ಇಲಿ ಮರಿ ಹಾಕಿದೆ. ಕೀಲು ಕಿರುಗುಡ್ತದೆ," ಎಂದು ಮುರುಗೇಶನಿಗೆ ಒಂದೊಂದಾಗಿ ತೋರಿಸಿದರು. ವ್ಯಾಪಾರ ಮುಗಿಸಿದ್ದೂ ಅವರೇ.

ಪೆಟ್ಟಿಗೆ ದೊಡ್ಡ ಲಾರಿಗೆ ಮಾಡಿದ್ದು. ಪಿಕಪ್ಪಿನ ಹಾಸಿನ ಮೇಲೆ ಭದ್ರವಾಗಿ ಕೂರಲು ಕೆಳಗೊಂದು ಮರದ ಚೌಕಟ್ಟು ಬೇಕಿತ್ತು. ಮುರುಗೇಶ ಗಾಡಿಯ ಒಳಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಟ್ಟ. ಚೀಟಿ ಶಿವಮೊಗ್ಗದ ಬಡಗಿ ವೀರಾಚಾರಿಯ ಕೈಗೆ ಹೋಯಿತು. ಊರಿನ ಅರ್ಧ ಮನೆಗಳ ಬಾಗಿಲು ಅವರು ಕೆತ್ತಿದ್ದು. ಇತ್ತ ಚನ್ನಬಸಪ್ಪನವರು ಹೊಳೆಹೊನ್ನೂರಿನಲ್ಲಿ ತಮಟೆ ಹೊಡೆಸಿ, ಬರುವ ಸಂತೆಗೆ ಹೆಂಗಸರಿಗೆ ಬಾಗಿಲಿರುವ ಕೋಣೆಯಲ್ಲಿ ಕಣ್ಣು ಪರೀಕ್ಷೆ ಎಂದು ಸಾರಿಸಿದರು. ಪತ್ರಿಕೆಯಲ್ಲಿ ನಾನೂ ಮೂರು ಸಾಲು ಹಾಕಿದೆ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಭದ್ರಾವತಿಯ ಮುರುಗೇಶನ ಶೆಡ್ಡಿನಲ್ಲಿ ಎಲ್ಲರೂ ಸೇರಿದೆವು. ವೀರಾಚಾರಿ ಚೌಕಟ್ಟು ತಂದಿದ್ದರು. ಹೊನ್ನೆಮರದ ಕೆಲಸ, ಕೂಡಿಕೆಯಲ್ಲಿ ಕೂದಲು ತೂರದು. ನಾಲ್ಕು ಜನ ಎತ್ತಿ ಗಾಡಿಗಿಟ್ಟರು. ಅದು ಎರಡು ಪಕ್ಕದ ಹಲಗೆಗಳ ಮೇಲೆ ಕೂತಿತು, ಒಳಗೆ ಇಳಿಯಲಿಲ್ಲ. ಎರಡು ಬೆರಳು ಅಗಲ ಹೆಚ್ಚಾಗಿತ್ತು.

ಮುರುಗೇಶ ಚೀಟಿ ಕೇಳಿದ. ವೀರಾಚಾರಿ ಸೊಂಟದಿಂದ ತೆಗೆದು ಕೊಟ್ಟರು. ಅಳತೆ ಸರಿಯಾಗಿಯೇ ಇತ್ತು.

"ಇದು ನೋಡಿದೀರಾ ಆಚಾರ್ರೇ?"

"ನೋಡಿದೆ. ಒಳಗೆ ಜನ ಕೂರ್ತಾರಾ ಅಂತ ಚನ್ನಬಸಪ್ಪಾರನ್ನ ಕೇಳಿದೆ, ಹೂಂ ಅಂದ್ರು. ದೀಪ ಹಚ್ತೀರಾ ಅಂದೆ, ಹೂಂ ಅಂದ್ರು. ಅಂದಮೇಲೆ ಅದು ಮನೆ. ಮನೆ ಅಂದಮೇಲೆ ಆಯ ನೋಡಬೇಕು." ಉದ್ದಗಲ ಗುಣಿಸಿ, ಭಾಗಿಸಿ, ಶೇಷ ಶುಭವಾಗುವಂತೆ ಅಳತೆ ಹೊಂದಿಸುವುದು ಮನೆ ಕಟ್ಟುವವರ ಆಯ. "ನಿನ್ನ ಚೀಟಿಗೆ ಖರಾಯ ಬರ್ತಿತ್ತು. ಕತ್ತೆ. ಎರಡು ಬೆರಳು ಕೂಡಿಸಿ ವೃಷಭಾಯ ಮಾಡಿದೀನಿ. ಬಸವಣ್ಣ ಬಂದು ನಿಂತಿದಾನೆ."

"ಬಸವಣ್ಣ ಗಾಡಿ ಮೇಲೆ ನಿಲ್ತಾ ಇಲ್ವಲ್ಲ! ಎರಡು ಬೆರಳು ಕುಯ್ದು ಹಾಕಿ."

"ಅದಕ್ಕೆ ಗರಗಸ ಹಾಕೋದಾದ್ರೆ ಮೊದಲು ನನಗೆ ಹಾಕು."

ಮಾತು ಏರಿತು. ಮುರುಗೇಶ ತಮಿಳಿಗೆ ಹೋದ, ವೀರಾಚಾರಿ ಸಂಸ್ಕೃತಕ್ಕೆ ಹೋದರು. ಕೂಡಿಕೆಗಳನ್ನು ಬಿಚ್ಚಿ ಮತ್ತೆ ಸೇರಿಸಲು ಎರಡು ದಿನ ಬೇಕಿತ್ತು. ಇದ್ದದ್ದು ಒಂದು ದಿನ. ಚನ್ನಬಸಪ್ಪನವರು ಗೋಡೆಗೊರಗಿ ನಿಂತಿದ್ದರು. "ಈ ಸಲ ಬಾಗಿಲಿಲ್ಲದೆ ಹೋದರೆ ಆ ಹೆಂಗಸರು ಇನ್ನು ಬರಲ್ಲ," ಎಂದರು ನನಗೆ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನೀಲಮ್ಮ ಗಾಡಿಯನ್ನು ಒಂದು ಸುತ್ತು ಬಂದರು. ಪಕ್ಕದ ಹಲಗೆಯನ್ನು ಕೈಯಿಂದ ತಟ್ಟಿದರು.

"ಮುರುಗೇಶಪ್ಪಾ, ಇದು ಅಲ್ಲಾಡ್ತದಲ್ಲ. ಇದನ್ನ ಏತಕ್ಕೆ ಕೂರಿಸಿದಾರೆ?"

"ಬೋಲ್ಟ್ ಮೇಲೆ ನಿಂತದೆ ಅಮ್ಮಾ. ಸಾಮಾನು ಬೀಳದಂಗೆ."

"ನಾವು ಸಾಮಾನು ಹೇರ್ತೀವಾ? ಮನೆ ದೊಡ್ಡದಾಯ್ತು ಅಂತ ಯಾರಾದ್ರೂ ಮನೆ ಕುಯ್ತಾರಾ? ಬೇಲಿ ಕಿತ್ತು ಹಾಕಿ."

ಮುರುಗೇಶ ಗಾಡಿಯ ಕೆಳಗೆ ತೂರಿ ನೋಡಿದ. "ಮಾಡಬಹುದು ಸಾರ್! ಒಂದೊಂದು ಪಕ್ಕ ಒಂದು ಬೆರಳು ಆಚೆ ಬರ್ತದೆ, ಅಷ್ಟೇ. ಕೆಳಗಿಂದ ಕ್ಲಾಂಪ್ ಹಾಕ್ತೀನಿ." ಹನ್ನೆರಡು ಬೋಲ್ಟುಗಳಲ್ಲಿ ಒಂಬತ್ತು ತುಕ್ಕು ಹಿಡಿದಿದ್ದವು. ಅವಕ್ಕೆ ಸೀಮೆಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ತಿರುಗಿಸಿದರು. ಸ್ಪ್ಯಾನರಿನ ಇನ್ನೊಂದು ತುದಿ ಹಿಡಿದವರು ವೀರಾಚಾರಿ. ಮಧ್ಯಾಹ್ನ ಮೂರಕ್ಕೆ ಹಲಗೆಗಳು ನೆಲಕ್ಕೆ ಬಂದವು. ಚೌಕಟ್ಟು ಹಾಸಿನ ಮೇಲೆ ಕೂತಿತು. ಎಂಟು ಜನ ಹೆಗಲು ಕೊಟ್ಟು ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿದರು. ಮುರುಗೇಶ ಪೆಟ್ಟಿಗೆಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿದ. ಗಾಡಿ ಅಲ್ಲಾಡಿತು, ಪೆಟ್ಟಿಗೆ ಅಲ್ಲಾಡಲಿಲ್ಲ.

"ಬಸವಣ್ಣ ನಿಂತ," ಎಂದ ಮುರುಗೇಶ. ವೀರಾಚಾರಿ ಅವನಿಗೆ ಎಲೆ ಅಡಿಕೆ ಕೊಟ್ಟರು.

ಮರುದಿನ ಬೆಳಿಗ್ಗೆ ಹೊಳೆಹೊನ್ನೂರಿನ ಅದೇ ಬೇವಿನ ಮರದ ಪಕ್ಕ ಪಿಕಪ್ಪು ನಿಂತಿತು. ಗಡ್ಡದ ನಿಂಗಪ್ಪ ಬೆಲ್ಲದ ಅಂಗಡಿ ಬಿಟ್ಟು ಎದ್ದು ಬಂದ. "ಏನ್ ಚನ್ನಬಸಪ್ಪಾರೇ, ಮನೇನೇ ಹೊತ್ಕಂಡ್ ಬಂದ್ರಲ್ಲ!"

"ಹೂಂನಪ್ಪ. ಮನೆಗೆ ಬಾಗಿಲಿದೆ, ನೀನು ಹೊರಗಿರು," ಎಂದು ಚನ್ನಬಸಪ್ಪನವರು ಕೊಂಡಿ ಬಿಚ್ಚಿದರು. ಚಾವಣಿ ಎದ್ದಾಗ ಸಂತೆಯೇ ತಿರುಗಿ ನೋಡಿತು. ನೀಲಮ್ಮ ಮೊರ ಹಿಡಿದು ಬಾಗಿಲಲ್ಲಿ ನಿಂತರು. ಅರ್ಧ ಗಂಟೆ ಯಾರೂ ಬರಲಿಲ್ಲ. ಆಮೇಲೆ ಮೆಣಸಿನಕಾಯಿ ಸಾಲಿನ ಹಿಂದಿನಿಂದ ಹಾಲಮ್ಮ ಬಂದಳು. ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷದ ನಂತರ ತೆರೆಯಿತು. ಹಾಲಮ್ಮನ ಮೂಗಿನ ಮೇಲೆ ಕನ್ನಡಕ, ಬಲಗೈಯಲ್ಲಿ ದಾರ ಪೋಣಿಸಿದ ಸೂಜಿ, ಎಡಗೈ ಮುಷ್ಟಿಯಲ್ಲಿ ಏಳು ಕಲ್ಲು. ಮೇಲಿನ ಮೆಟ್ಟಿಲಲ್ಲೇ ನಿಂತು ಜನರ ಮೇಲೆ ಕಣ್ಣಾಡಿಸಿ ನಿಂಗಪ್ಪನ ಮುಖದ ಮೇಲೆ ನಿಲ್ಲಿಸಿದಳು.

"ಅಲ್ಲ ನಿಂಗಣ್ಣ, ಗಡ್ಡ ಇಷ್ಟ್ ಬೆಳ್ಳಗಾಗಿದ್ ಯಾವಾಗೋ? ಬೆಲ್ಲದ್ ಮೇಲೆ ನೊಣ ಬೇರೆ ಕುಂತೈತೆ, ಓಡಿಸ್ಕ ಹೋಗು."

ಈ ಸಲದ ನಗೆ ಹೆಂಗಸರ ಕಡೆಯಿಂದ ಬಂತು. ಸಂಜೆಯೊಳಗೆ ಇನ್ನೂ ಹದಿನೆಂಟು ಜನ ಮೆಟ್ಟಿಲು ಹತ್ತಿದರು.

ಮುಂದಿನ ಐದು ವರ್ಷ ಆ ಪಿಕಪ್ಪು ಆಯನೂರಿನ ತನಕ, ಅದರಾಚೆಗೂ ಓಡಾಡಿತು. ನಾನು ಚನ್ನಬಸಪ್ಪನವರನ್ನು ಕೊನೆಯ ಬಾರಿ ಕಂಡದ್ದು ೧೯೬೭ರ ಮೇ ತಿಂಗಳಲ್ಲಿ, ಆಲ್ಕೊಳದ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ನಾನು ಕೂತ ಕೂಡಲೇ ಕೈ ಚಾಚಿ ನನ್ನ ಕನ್ನಡಕ ಕಿತ್ತು, ಹೊದಿಕೆಯ ತುದಿಯಿಂದ ಒರೆಸಿ, ಮತ್ತೆ ಹಾಕಿದರು. "ಕಾಣ್ತಾ ಈಗ?" ಎಂದರು. ಕಾಣುತ್ತದೆ ಎಂದೆ. ಜುಲೈ ತಿಂಗಳಲ್ಲಿ ತೀರಿಕೊಂಡರು.

ಗಾಂಧಿ ಬಜಾರಿನ ಅಂಗಡಿಯಲ್ಲಿ ಈಗ ಬಟ್ಟೆ ವ್ಯಾಪಾರ ನಡೆಯುತ್ತದೆ. ಪಿಕಪ್ಪನ್ನು ನೀಲಮ್ಮ ಮಾರಲಿಲ್ಲ. ಸಂತೆಯ ದಿನಗಳಲ್ಲಿ ಮುರುಗೇಶ ಓಡಿಸುತ್ತಾನೆ. ಕಳೆದ ವಾರ ಹೊಳೆಹೊನ್ನೂರಿನಲ್ಲಿ ಅದರ ಚಾವಣಿ ಎದ್ದಿತ್ತು. ಒಳಗೆ ಮೊರದ ಮುಂದೆ ನೀಲಮ್ಮ ಕೂತಿದ್ದರು. ಹೊರಗೆ ಕಾದಿದ್ದವರು ಹದಿನಾಲ್ಕು ಜನ. ಅವರಲ್ಲಿ ಐವರು ಗಂಡಸರು. ಆ ಐವರಲ್ಲಿ ಮೊದಲನೆಯವನು ಗಡ್ಡದ ನಿಂಗಪ್ಪ.