ಬಿಳಿಚೋಡಿಗೆ ಬರದ ವಿಮಾನ

ನನಗೊಬ್ಬಳು ಸವತಿ ಇದ್ದಳು. ಹೊನ್ನಾಳಿಯ ಮೈದಾನದ ಮೂಲೆಯಲ್ಲಿ ಮೂರು ಗಾಲಿಯ ಮೇಲೆ ಬಿಸಿಲು ಮಳೆಗೆ ನಿಂತಿದ್ದಳು. ವಾಯುಸೇನೆಯವರು ಹಾರಿಸಿ ಸಾಕಾಗಿ, ಜನ ನೋಡಲಿ ಎಂದು ಊರಿಗೆ ಕೊಟ್ಟ ಜೆಟ್ ಯುದ್ಧವಿಮಾನ ಅದು. ನಮ್ಮ ಯಜಮಾನರು ಅದೇ ಸೇನೆಯಲ್ಲಿ ವಿಮಾನ ರಿಪೇರಿ ಮಾಡಿಕೊಂಡಿದ್ದವರು. ನಿವೃತ್ತಿಯಾಗಿ ನನ್ನ ತವರೂರು ನ್ಯಾಮತಿಯಲ್ಲಿ ಮನೆ ಮಾಡಿದ ಹೊಸತರಲ್ಲಿ, ಗೊಬ್ಬರ ತರುತ್ತೇನೆಂದು ಹೊನ್ನಾಳಿಗೆ ಹೋದವರು ಬರಿಗೈಲಿ ವಾಪಸು ಬಂದರು. "ಬಾಲದ ಮೇಲಿನ ನಂಬರ್ ನೋಡಿದೆ ಕಣೇ. ಅದರ ಎಂಜಿನ್ನು ನಾನೇ ಇಳಿಸಿ ಏರ್ಸಿದ್ದು," ಎಂದರು. ಆ ಮುಖ ನೋಡಬೇಕಿತ್ತು. ಹೆಣ್ಣು ನೋಡಲು ಬಂದಾಗ ನನ್ನನ್ನು ಕಂಡು ಅದು ಹಾಗೆ ಅರಳಿರಲಿಲ್ಲ. ಸವತಿ ಎಂದು ಕರೆಯಲು ಶುರು ಮಾಡಿದ್ದು ಅವತ್ತೇ.

ಅಲ್ಲಿಂದ ಭಾನುವಾರ ಬಂದರೆ ಬೆಳಗಿನ ಬಸ್ಸಿಗೆ ಹೊನ್ನಾಳಿ. ಒಂದು ಚೀಲದಲ್ಲಿ ಹಳೆ ಪಂಚೆಯ ಚಿಂದಿ, ಸೀಮೆಎಣ್ಣೆ, ಬ್ರಷ್ಷು. ಅವರ ಜೊತೆ ಸೇರಿದವರು ಬಸ್ಸಿನ ಬಾಡಿ ಕಟ್ಟುವ ಗ್ಯಾರೇಜಿನ ಮೇಸ್ತ್ರಿ, ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕು ಎಳೆದು ತರುವ ಗೋವಿನಕೋವಿಯ ರೈತರೊಬ್ಬರು, ಮತ್ತೆ ಬಿಡುವಾದಾಗ ಬರುವ ಒಂದಿಬ್ಬರು. ಯಾರೂ ಇವರನ್ನು ಕರೆದಿರಲಿಲ್ಲ, ಯಾರೂ ಇವರಿಗೆ ಒಂದು ಲೋಟ ನೀರು ಕೊಟ್ಟವರಲ್ಲ. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಕೊಂಡು ನಾನೇ ಹೋಗುತ್ತಿದ್ದೆ, ಬೈದುಕೊಂಡೇ ಹೋಗುತ್ತಿದ್ದೆ. ಮೇಸ್ತ್ರಿ ನಗುತ್ತಿದ್ದ. "ಅಕ್ಕಾರೆ, ಸವತಿ ಮೈ ತೊಳಿಯಾಕೆ ನೀವೂ ಒಂದು ಬಟ್ಟೆ ಹಿಡ್ಕಳ್ರಿ," ಅನ್ನುತ್ತಿದ್ದ. ಹಿಡಿದುಕೊಳ್ಳುತ್ತಿದ್ದೆ, ಇನ್ನೇನು ಮಾಡಲಿ.

ಆಯುಧ ಪೂಜೆಗಂತೂ ಅದಕ್ಕೆ ಮದುವಣಗಿತ್ತಿಯ ಉಪಚಾರ. ನಮ್ಮ ಕಡೆ ಟ್ರ್ಯಾಕ್ಟರು, ಲಾರಿ, ಪಂಪ್‌ಸೆಟ್ಟು ಎಲ್ಲ ತೊಳೆದು ಪೂಜೆ ಮಾಡುವ ಹಾಗೆ ಅದಕ್ಕೂ ಟ್ಯಾಂಕಿನ ನೀರೆಲ್ಲ ಖಾಲಿಯಾಗುವ ತನಕ ಪೈಪು ಹಿಡಿದು ತೊಳೆಯುವುದು, ಮೂಗಿಗೆ ಚೆಂಡು ಹೂವಿನ ಹಾರ, ಗಾಲಿಯ ಮುಂದೆ ಬೂದುಗುಂಬಳ. ಯಜಮಾನರು ಕಣ್ಣು ಮುಚ್ಚಿ ಕೈ ಮುಗಿದು ನಿಲ್ಲುತ್ತಿದ್ದರು. ದೇವಸ್ಥಾನದಲ್ಲಿ ಅಷ್ಟು ಹೊತ್ತು ನಿಂತವರಲ್ಲ.

ಒಂದು ವರ್ಷ ಹಬ್ಬದ ಹೊತ್ತಿಗೇ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆ, ಆಮೇಲೆ ಮನೆಯಲ್ಲೇ ಮಾಲೀಸು, ಕಷಾಯ. ಮತ್ತೆ ನಡೆಯುವಂತಾದರು, ಆದರೆ ಬಲಗಾಲು ಎಳೆಯುತ್ತಿತ್ತು. ಬಗ್ಗಿ ವಿಮಾನದ ಅಡಿಗೆ ಹೋಗುವುದು, ಅಂಗಾತ ಮಲಗಿ ಕೆಲಸ ಮಾಡುವುದು ಅಲ್ಲಿಗೆ ಮುಗಿಯಿತು. "ಅಡಿ ಕೆಲಸ ನಂಗೆ ಬಿಡ್ರಿ ಅಣ್ಣಾರೆ, ನೀವು ಕುರ್ಚಿ ಮ್ಯಾಲೆ ಕುಂತು ಹೇಳ್ರಿ," ಎಂದು ಮೇಸ್ತ್ರಿ ವಹಿಸಿಕೊಂಡ. ಅಂಥ ಮನುಷ್ಯ ಅವನು. ಆಸ್ಪತ್ರೆಯಲ್ಲಿ ನಮ್ಮ ಸಂಬಂಧಿಕರಿಗಿಂತ ಹೆಚ್ಚು ಓಡಾಡಿದವನೂ ಅವನೇ.

ಆಮೇಲೆ ಮೈದಾನದ ಆ ಮೂಲೆ ರಸ್ತೆ ಅಗಲ ಮಾಡಲು ಬೇಕಾಯಿತು. ವಿಮಾನವನ್ನು ಯಾರಾದರೂ ಒಯ್ದು ಇಟ್ಟುಕೊಂಡರೆ ಸರಿ, ಇಲ್ಲವಾದರೆ ಗುಜರಿಗೆ ಎಂದರು ಪಟ್ಟಣ ಪಂಚಾಯಿತಿಯವರು. ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಎದ್ದು ಜಗಳೂರಿನ ಬಸ್ಸು ಹತ್ತಿದರು. ಅವರು ಹುಟ್ಟಿದ್ದು ಅದೇ ತಾಲೂಕಿನ ಬಿಳಿಚೋಡಿನಲ್ಲಿ. ಅಲ್ಲಿ ಕುರಿ ಮೇಯಿಸುತ್ತಾ, ತಲೆಯ ಮೇಲೆ ಹೋಗುವ ವಿಮಾನಗಳನ್ನು ಕತ್ತು ನೋಯುವವರೆಗೆ ನೋಡಿ ನೋಡಿಯೇ ಸೇನೆ ಸೇರಿದವರು. ವಿಮಾನ ಇಟ್ಟುಕೊಳ್ಳಲು ಅಲ್ಲಿನ ಶಾಲೆಯ ಹೆಡ್‌ಮೇಡಂ ಒಪ್ಪಿದರು, ಊರಿನವರು ಶಾಲೆಯ ಅಂಗಳದಲ್ಲಿ ಕಟ್ಟೆ ಕಟ್ಟಲು ನಿಂತರು.

"ನಾ ಕತ್ತೆತ್ತಿ ನೋಡಿದ್ದು ಅಷ್ಟೇ," ಎಂದರು ನನಗೆ. "ನಮ್ಮೂರ ಮಕ್ಳು ಅದನ್ನ ಕೈಯಾಗ ಮುಟ್ಟಬೇಕು. ಅದೊಂದು ಆದ್ರೆ ಸಾಕು, ಮುಂದೆ ನನಗೇನೂ ಬ್ಯಾಡ."

ಅವರಿಗೆ ಬೇರೇನೂ ಬೇಡವಾಗಿತ್ತು ಎಂಬುದು ನಿಜ. ಆ ಕೆಲವು ತಿಂಗಳು ಅವರ ಕಾಲಿಗೆ ಎಲ್ಲಿಂದ ಬಲ ಬಂತೋ. ಮೇಸ್ತ್ರಿಯ ಬೈಕಿನ ಹಿಂದೆ ಕೂತು ಹೊನ್ನಾಳಿಯಿಂದ ಚನ್ನಗಿರಿ, ಸಂತೇಬೆನ್ನೂರು ದಾಟಿ ಬಿಳಿಚೋಡಿನವರೆಗೆ, ಲಾರಿಯ ಮೇಲಿನ ವಿಮಾನಕ್ಕೆ ಎಲ್ಲಿ ತಗಲುತ್ತವೋ ಎಂದು ದಾರಿಯುದ್ದಕ್ಕೂ ಕೆಳಗೆ ಜೋತುಬಿದ್ದ ಕರೆಂಟು ತಂತಿಗಳನ್ನು ನೋಡಿಕೊಂಡು ಬಂದರು. ಸಂತೇಬೆನ್ನೂರಿನಲ್ಲಿ ಸಂತೆಯ ದಿನ ಬಿಟ್ಟು ಹೋಗಬೇಕು ಎಂದು ತೀರ್ಮಾನವಾಯಿತು. ರೆಕ್ಕೆ ಬಿಚ್ಚಿ ಒಂದು ಲಾರಿಗೆ, ಮೈ ಒಂದು ಲಾರಿಗೆ.

ಸಾಗಿಸುವ ದಿನ ಬೆಳಿಗ್ಗೆ ಕ್ರೇನು ಬಂತು. ರೆಕ್ಕೆಯ ಅಡಿಗೆ ಬೆಲ್ಟು ಹಾಕಿದರು. ಬಿಚ್ಚುವ ಮೊದಲು ಒಳಗಿನ ಬೋಲ್ಟು ಕಾಣಲಿ ಎಂದು ಮೇಸ್ತ್ರಿ ಅಡಿಯಲ್ಲಿ ಮಲಗಿ ಒಂದು ತಗಡಿನ ಮುಚ್ಚಳ ತೆಗೆದ. ತೆಗೆದದ್ದೇ ತಡ, ಕಪ್ಪು ನೀರು ಅವನ ಎದೆಯ ಮೇಲೆ ಸುರಿಯಿತು. ಹೊಂಡದ ಕೊಳೆತ ನೀರಿನ ವಾಸನೆ. ಸುರಿಯುತ್ತಲೇ ಇತ್ತು.

ಯಜಮಾನರು ಕುರ್ಚಿಯಿಂದ ಎದ್ದರು. ಕಾಲೆಳೆದುಕೊಂಡು ಬಂದು, ನಾನು ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ ನೆಲಕ್ಕೆ ಕೂತು, ಎಡಗೈ ಒಳಗೆ ಹಾಕಿದರು. ರೆಕ್ಕೆಯನ್ನು ಮೈಗೆ ಹಿಡಿದಿಡುವ ಅಲ್ಯೂಮಿನಿಯಂ ತೊಲೆ ಅಲ್ಲಿತ್ತಂತೆ. ಕೈ ಹೊರಗೆ ತೆಗೆದಾಗ ಬೆರಳ ತುಂಬ ವಿಭೂತಿಯ ಹಾಗೆ ಬಿಳಿ ಪುಡಿ. ಇನ್ನೊಮ್ಮೆ ಹಾಕಿದರು. ಮತ್ತೆ ಪುಡಿ.

"ಅಡಿಗೆ ನೀರು ಹೋಗಾಕೆ ತೂತು ಇದ್ವಲ್ಲ, ಬಟಾಣಿಯಷ್ಟು," ಎಂದರು ಮೆಲ್ಲಗೆ. "ಅವೆಲ್ಲಿ?"

"ಅವಾ?" ಮೇಸ್ತ್ರಿ ಅಂಗಿ ಹಿಂಡಿಕೊಳ್ಳುತ್ತಾ ಎದ್ದು ಕೂತ. "ನೀವು ಆಸ್ಪತ್ರೆಯಾಗೆ ಇದ್ರಲ್ಲ ಅಣ್ಣಾರೆ, ಆ ಹಬ್ಬಕ್ಕೆ ಎಲ್ಲಾನೂ ಮುಚ್ಚಿಬಿಟ್ಟೆ. ತೊಳೆದ್ರೆ ಸಾಕು, ಅಲ್ಲಿಂದ ಸೋರಾದು. ಕಡಜ ಬ್ಯಾರೆ ಒಳಗೆ ಗೂಡು ಕಟ್ಟಿದ್ವು. ಬಸ್ಸಿಗೆ ಮೆತ್ತೋ ಪುಟ್ಟಿ ಹಾಕಿ, ಉಜ್ಜಿ, ಮ್ಯಾಲೆ ಬಣ್ಣ ಹೊಡ್ದೆ. ವರ್ಷಾ ವರ್ಷಾ ನೋಡ್ಕಂತಿದ್ದೆ, ಒಂದೂ ಬಿಟ್ಟಿಲ್ಲ."

ಬಸ್ಸಿನ ಬಾಡಿ ಕಟ್ಟುವವನಿಗೆ ತೂತು ಎಂದರೆ ಸೋರುವುದು, ಸೋರಿದರೆ ಮುಚ್ಚುವುದು. ವಿಮಾನಕ್ಕೆ ಆ ತೂತುಗಳೇ ಉಸಿರು ಎಂದು ಅವನಿಗೆ ಯಾರು ಹೇಳಿದ್ದರು? ಮೇಲಿನ ಸಂದುಗಳಿಂದ ಮಳೆ ನೀರು ಇಳಿದಿತ್ತು, ಹಬ್ಬ ಹಬ್ಬಕ್ಕೂ ನಾವೇ ಪೈಪಿನಿಂದ ತುಂಬಿಸಿದ್ದೆವು. ಹೊರಗೆ ಹೋಗಲು ದಾರಿಯಿಲ್ಲದೆ ನಿಂತ ನೀರು ಒಳಗಿಂದೊಳಗೇ ತೊಲೆಯನ್ನು ತಿಂದು ಪುಡಿ ಮಾಡಿತ್ತು. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಆ ಕ್ಷಣಕ್ಕೆ ಯಜಮಾನರ ಮುಖ ನೋಡಿದ್ದೇ ನನಗೆ ಸಾಕಾಯಿತು. ಮೇಸ್ತ್ರಿಯ ಕಡೆ ತಿರುಗಿದೆ. ಹಾಳು ಮಾಡಿದೆಯಲ್ಲೋ ಎನ್ನಲು ಬಾಯಿ ತೆರೆದೆ. ಅವರು ಪುಡಿ ಮೆತ್ತಿದ ಕೈಯಿಂದ ನನ್ನ ಮಣಿಕಟ್ಟು ಹಿಡಿದರು. "ಸುಮ್ನಿರು," ಎಂದರು, ನನಗೆ ಮಾತ್ರ ಕೇಳುವಂತೆ.

ಕ್ರೇನಿನವನು ಎತ್ತಲಾ ಎಂದು ಕೇಳಿದ. "ಬ್ಯಾಡಪ್ಪ, ಎತ್ತಿದ್ರೆ ಎರಡು ತುಂಡಾಗ್ತೈತೆ, ಯಾರ ಮೈಮ್ಯಾಲಾದ್ರೂ ಬೀಳ್ತೈತೆ. ಬೆಲ್ಟ್ ಬಿಚ್ಚು," ಎಂದರು. ಆಮೇಲೆ ಫೋನು ತೆಗೆದು ತಾವೇ ಬಿಳಿಚೋಡಿನ ಮೇಡಂಗೆ ಹೇಳಿದರು. ಕಟ್ಟೆಗೆ ಸುಣ್ಣ ಹೊಡೆದು, ರಂಗೋಲಿ ಹಾಕಿ ಮಕ್ಕಳು ಕಾಯುತ್ತಿದ್ದರಂತೆ. "ಬರಲ್ಲ ಮೇಡಂ. ಮಕ್ಳನ್ನ ಒಳಗೆ ಕಳಿಸಿಬಿಡ್ರಿ, ಬಿಸಿಲೈತೆ," ಎಂದರು. ಅಷ್ಟೇ.

ಮೇಸ್ತ್ರಿಗೆ ನಂಬಲಾಗಲಿಲ್ಲ. ಹಸಿ ಅಂಗಿಯಲ್ಲೇ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಹೆಂಗಾಯ್ತು ಅಣ್ಣಾರೆ ಹಿಂಗೆ?" ಎಂದ.

"ವಯಸ್ಸಾಗಿತ್ತಪ್ಪ."

"ಆ ತೂತು ಮುಚ್ಚಿದ್ದಕ್ಕೆ ಇಷ್ಟು ದಿನಾನಾದ್ರೂ ಬಾಳ್ತು, ಅಲ್ಲೇನ್ರಿ?"

ಯಜಮಾನರು ಅವನ ಭುಜದ ಮೇಲೆ ಕೈಯಿಟ್ಟರು. "ಹೌದು ಕಣಪ್ಪ. ಅದಕ್ಕೇ ಇಷ್ಟು ದಿನ ಬಾಳ್ತು," ಎಂದರು.

ಗುಜರಿಯವರು ಗ್ಯಾಸ್ ಕಟ್ಟರ್ ತಂದ ದಿನ ನಾವು ಯಾರೂ ಹೋಗಲಿಲ್ಲ. ಸವತಿ ಹೋದಳು, ಖುಷಿಪಡೇ ಎಂದು ನನಗೆ ನಾನೇ ಹೇಳಿಕೊಂಡು, ಬಚ್ಚಲಲ್ಲಿ ಕೂತು ಅತ್ತೆ. ಅವರು ಅಳಲಿಲ್ಲ. ಮೇಸ್ತ್ರಿ ಈಗ ಭಾನುವಾರ ತಾನೇ ನ್ಯಾಮತಿಗೆ ಬರುತ್ತಾನೆ. ಮೊದಮೊದಲು ಯಜಮಾನರು ಅವನೆದುರು ಸ್ವಲ್ಪ ಹೊತ್ತು ಕೂರುತ್ತಿದ್ದರು. ಆಮೇಲೆ ತಲೆನೋವು ಎಂದು ಒಳಗೆ ಹೋಗಿ ಮಲಗತೊಡಗಿದರು. ಅವನಿಗೆ ಟೀ ಕೊಡುವಾಗಲೆಲ್ಲ ನನ್ನ ನಾಲಿಗೆಯ ತುದಿಯಲ್ಲಿ ಆ ಮಾತು ಇರುತ್ತಿತ್ತು. ನಿನ್ನಿಂದಲೇ ಎಂದು ಒಂದು ಸಲ ಹೇಳಿಬಿಟ್ಟರೆ ನನ್ನ ಎದೆಯಾದರೂ ಹಗುರಾಗುತ್ತದೆ ಎಂದು ಅಂದುಕೊಳ್ಳುತ್ತಿದ್ದೆ.

ಹೋದ ವಾರ ಅವನೇ ಕೇಳಿದ. ಲೋಟ ಕೆಳಗಿಟ್ಟು, ತಲೆ ಎತ್ತದೆ, "ಅಕ್ಕಾರೆ, ಅಣ್ಣಾರು ನನ್ನ ಮುಖ ನೋಡಲ್ಲ. ನನ್ನಿಂದ ಏನಾದ್ರೂ ತಪ್ಪಾಗೈತಾ? ಆಗಿದ್ರೆ ಹೇಳಿಬಿಡ್ರಿ," ಎಂದ.

ಇಷ್ಟು ತಿಂಗಳು ಕಾದಿದ್ದೆ ಅದಕ್ಕೆ. ಅವನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಯಾವುದೋ ಬಸ್ಸಿನ ಬಣ್ಣ ಇತ್ತು.

"ನಿನ್ನಿಂದ ಏನೂ ಆಗಿಲ್ಲಪ್ಪ," ಎಂದೆ. "ನೀನು ನೋಡ್ಕಂಡಷ್ಟು ಚೆನ್ನಾಗಿ ಅದನ್ನ ಯಾರೂ ನೋಡ್ಕಳಲಿಲ್ಲ."

ಅವನು ಹೋದ ಮೇಲೆ ಒಳಗೆ ಹೋದೆ. ಯಜಮಾನರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಒಳ್ಳೇದು ಮಾಡಿದೆ," ಎಂದರು. ಎಂದವರು ದಿಂಬಿಗೆ ಮುಖ ಒತ್ತಿಕೊಂಡು ಅಳಲು ಶುರು ಮಾಡಿದರು.